‘ಲ್ಯಾಂಡ್‌ಲೈನ್ ಫ್ರೀ’ ಸರಿ, ಕರೆಂಟ್ ಹೋದಾಗ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಒಳಗೆ ಮಡಚಿಟ್ಟು ಬರುವ ಬಣ್ಣದ ಚೀಟಿಗಳಲ್ಲಿ ಈಗೀಗ ಅರ್ಧಕ್ಕರ್ಧ ಫೈಬರ್ ಇಂಟರ್ನೆಟ್ಟಿನವೇ. ದೊಡ್ಡಕ್ಷರದಲ್ಲಿ ‘100 ಎಂಬಿಪಿಎಸ್’, ಕೆಳಗೆ ಸಿನಿಮಾ ಆ್ಯಪ್‌ಗಳ ಸಾಲು, ಮೂಲೆಯಲ್ಲೊಂದು ಹಳೇ ಕಾಲದ ಫೋನಿನ ಚಿತ್ರ, ಅದರ ಪಕ್ಕ ‘ಲ್ಯಾಂಡ್‌ಲೈನ್ ಫ್ರೀ’. ಆ ಮೂಲೆಯ ಚಿತ್ರದ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ಕತ್ತರಿಸಿಕೊಳ್ಳಿ, ಕರೆಂಟಿನ ವಿಷಯ ಬರೆದ ಭಾಗವನ್ನು ಮಾತ್ರ ಮುಟ್ಟಬೇಡಿ.

ನಾನು ದೂರವಾಣಿ ಇಲಾಖೆಗೆ ಆಪರೇಟರ್ ಆಗಿ ಸೇರಿದವಳು. ಶಿವಮೊಗ್ಗದಲ್ಲಿ ದೂರದ ಊರಿನ ಕರೆ ಜೋಡಿಸಿಕೊಡುವ ಟ್ರಂಕ್ ಬೋರ್ಡಿನ ಮುಂದೆ ಹೆಡ್‌ಸೆಟ್ ಹಾಕಿಕೊಂಡು ‘ಅರ್ಜೆಂಟಾ, ಆರ್ಡಿನರಿಯಾ, ಪಿ.ಪಿ.ಯಾ’ ಎಂದು ಕೇಳುತ್ತಿದ್ದ ಕಾಲ ಅದು. ಎಸ್‌ಟಿಡಿ ಬಂದು ಬೋರ್ಡು ಹೋಯಿತು, 2000ದ ಅಕ್ಟೋಬರ್ 1ರಂದು ಇಲಾಖೆಯ ಕೆಲಸ ಬಿಎಸ್‌ಎನ್‌ಎಲ್‌ಗೆ ಹೋಯಿತು, ನಾನು ಗ್ರಾಹಕ ಸೇವಾ ಕೇಂದ್ರದ ಕೌಂಟರಿಗೆ ಬಂದೆ. 2020ರ ಜನವರಿ 31ರಂದು ದೇಶಾದ್ಯಂತ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ತೆಗೆದುಕೊಂಡು ಒಂದೇ ದಿನ ಹೊರಬಂದರಲ್ಲ, ಅವರಲ್ಲಿ ನಾನೂ ಒಬ್ಬಳು. ಹಾಗೆಂದು ಹಳೇ ಸಂಸ್ಥೆಯ ಪರವಾಗಿ ವಕಾಲತ್ತು ಮಾಡಲು ಕೂತಿಲ್ಲ, ಖಾಸಗಿಯವರನ್ನು ಬಯ್ಯಲೂ ಅಲ್ಲ.

ಈಗ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇನೆ. ಮದುವೆ ಮನೆಯಿರಲಿ, ತಿಥಿ ಊಟವಿರಲಿ, ಎಲೆ ಹಾಕುವ ಮುಂಚೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೂರುತ್ತಾರೆ. ‘ಎಂತ ಅಕ್ಕ, ನೀವು ಟೆಲಿಫೋನಿನವರು. ಮನೆಗೆ ಯಾವ ಕಂಪನೀದು ಹಾಕ್ಸಿದ್ರೆ ಒಳ್ಳೇದು?’ ಕಂಪನಿಯ ಹೆಸರು ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನಾನು ಹೇಳುವುದಿಲ್ಲ. ಒಂದೇ ಕಂಪನಿಯ ಸಂಪರ್ಕ ಪೇಟೆಯಲ್ಲಿ ಬಂಗಾರದಂತಿದ್ದು, ಘಟ್ಟದ ಬುಡದ ಹಳ್ಳಿಯಲ್ಲಿ ತಿಂಗಳ ಅರ್ಧದಷ್ಟು ದಿನ ಸತ್ತಿರುವುದನ್ನು ಕೌಂಟರಿನಲ್ಲಿ ಕೂತೇ ನೋಡಿದ್ದೇನೆ. ಚೆನ್ನಾಗಿರುವ ದಿನ ಎಲ್ಲರ ಫೋನೂ ಚೆನ್ನಾಗಿಯೇ ಇರುತ್ತದೆ. ಕೆಟ್ಟ ದಿನ ಏನಾಗುತ್ತದೆ ಎಂದು ಕೇಳಿ ಆರಿಸಿ ಅಂತಷ್ಟೇ ನಾನು ಹೇಳುವುದು. ಆ ಕೇಳುವುದನ್ನು ಹೇಗೆ ಕೇಳಬೇಕು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ತಿಳಿವಳಿಕೆ ಬೇಕು. ಫೈಬರಿನ ಜೊತೆ ಕೊಡುವ ಫೋನು ನಮ್ಮ ಹಳೇ ಲ್ಯಾಂಡ್‌ಲೈನ್ ಅಲ್ಲ. ನಂಬರು ಹಳೇ ಥರದ್ದೇ ಇರಬಹುದು, 08181 ಎಂದೇ ಶುರುವಾಗಬಹುದು, ಒಳಗಿನ ಯಂತ್ರಶಾಸ್ತ್ರ ಮಾತ್ರ ಪೂರ್ತಿ ಬೇರೆ. ಅದು ಇಂಟರ್ನೆಟ್ ತಂತ್ರದ ಫೋನು. ನಾವಾಡಿದ ಮಾತನ್ನು ಗೋಡೆಗೆ ಹೊಡೆದ ಆ ಬಿಳಿ ಡಬ್ಬಿ, ಅಂದರೆ ರೌಟರ್, ಚೂರುಚೂರು ಮಾಡಿ, ಒಂದೊಂದು ಚೂರನ್ನೂ ವಿಳಾಸ ಬರೆದ ಲಕೋಟೆಯೊಳಗೆ ಹಾಕಿದಂತೆ ಮಾಡಿ ಕಳಿಸುತ್ತದೆ. ಆಚೆ ಕಡೆಯ ಯಂತ್ರ ಬಿಚ್ಚಿ ಜೋಡಿಸಿ ಕೇಳಿಸುತ್ತದೆ. ಬಿಎಸ್‌ಎನ್‌ಎಲ್ ಇರಲಿ, ಜಿಯೋ ಇರಲಿ, ಏರ್‌ಟೆಲ್ ಇರಲಿ, ಫೈಬರಿನಲ್ಲಿ ಕೊಡುವ ಮನೆಯ ಫೋನಿನ ಮೂಲ ರೀತಿ ಇದೇ.

ಈಗ ಕರೆಂಟಿನ ವಿಷಯ. ತಾಮ್ರದ ತಂತಿ ಇದ್ದಾಗ ಫೋನಿಗೆ ಬೇಕಾದ ಕರೆಂಟು ಎಕ್ಸ್‌ಚೇಂಜಿನಿಂದಲೇ ಅದೇ ತಂತಿಯಲ್ಲಿ ಬರುತ್ತಿತ್ತು, 48 ವೋಲ್ಟ್. ಎಕ್ಸ್‌ಚೇಂಜಿನ ಹಿಂದೆ ಬ್ಯಾಟರಿ ರೂಮ್ ಅಂತ ಇರುತ್ತಿತ್ತು. ಎರಡೆರಡು ವೋಲ್ಟಿನ 24 ಸೆಲ್ಲುಗಳು ಸಾಲಾಗಿ, ಒಳಗೆ ಕಾಲಿಟ್ಟರೆ ಮೂಗಿಗೆ ಅಡರುವ ಆ್ಯಸಿಡ್ ವಾಸನೆ, ಪಕ್ಕದಲ್ಲೇ ಡೀಸೆಲ್ ಜನರೇಟರ್. ಊರಿಗೆ ಊರೇ ಕತ್ತಲಾದರೂ ಮನೆಯ ಫೋನು ‘ಟ್ರಿಣ್’ ಎನ್ನುತ್ತಿದ್ದುದು ಆ ರೂಮಿನ ದಯೆಯಿಂದ. ಜನರಿಗೆ ಅದು ಗೊತ್ತೇ ಇರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಮನೆಯ ಡಬ್ಬಿಗೆ ನಮ್ಮ ಮನೆಯ ಕರೆಂಟೇ ಬೇಕು. ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರ್. ಕರೆಂಟು ಹೋಯಿತೋ, ಡಬ್ಬಿ ಹೋಯಿತು. ಡಬ್ಬಿ ಹೋಯಿತೋ, ‘ಫ್ರೀ ಲ್ಯಾಂಡ್‌ಲೈನ್’ ಹೋಯಿತು. ಮಲೆನಾಡಿನಲ್ಲಿ ಜೂನ್ ತಿಂಗಳು ಬಂತೆಂದರೆ ಮರ ಬೀಳುವುದು, ಕಂಬ ವಾಲುವುದು, ಎರಡೆರಡು ದಿನ ಕತ್ತಲಲ್ಲಿ ಕೂರುವುದು ಯಾರಿಗೆ ಗೊತ್ತಿಲ್ಲ? ಫೋನು ತೀರಾ ಬೇಕಾಗುವುದು ಆ ದಿನಗಳಲ್ಲೇ.

ಆಗುಂಬೆ ಕಡೆಯಲ್ಲಿ ನನ್ನ ಅತ್ತಿಗೆಯ ಮನೆಯಿದೆ. ಅಣ್ಣ ಹೋದ ಮೇಲೆ ಒಬ್ಬರೇ ಇದ್ದಾರೆ, ಕೆಲಸದ ಹೆಂಗಸು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾಳೆ. ಮೊಬೈಲ್ ಸಿಗ್ನಲ್ ಬೇಕೆಂದರೆ ತೋಟದಾಚೆಯ ದಿಬ್ಬ ಹತ್ತಬೇಕು. ಎಪ್ಪತ್ತು ದಾಟಿದವರು ಜಾರುವ ದರೆ ಹತ್ತುವುದುಂಟೇ? ತಾಮ್ರದ ಲೈನು ನಿಂತು, ಅಲ್ಲಿಗೆ ಫೈಬರ್ ಹಾಕಿಸುವ ದಿನ ನಾನೇ ಹೋಗಿ ಕೂತಿದ್ದೆ. ಬಂದ ಹುಡುಗ ಚುರುಕು, ಕೆಲಸ ಗೊತ್ತಿದ್ದವನು. ಡ್ರಿಲ್ ಮಾಡಿ, ಡಬ್ಬಿ ಕೂರಿಸಿ, ಕಣ್ಣಿಗೆ ಕಂಡ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ, ಮೊಬೈಲಿನಲ್ಲಿ ಸ್ಪೀಡ್ ತೋರಿಸಿ, ‘ಆಯ್ತು ಅಮ್ಮಾ’ ಎಂದ.

‘ಮೇನ್ ಆಫ್ ಮಾಡು’ ಎಂದೆ.

ಅವನು ನನ್ನ ಮುಖ ನೋಡಿದ. ನಾನೇ ಎದ್ದು ಹೋಗಿ ಮೀಟರ್ ಬೋರ್ಡಿನ ಮೇನ್ ಇಳಿಸಿದೆ. ಮನೆಯಲ್ಲಿ ಯುಪಿಎಸ್ ಇದೆ, ಮಗ ಹಾಕಿಸಿಕೊಟ್ಟದ್ದು. ಹಜಾರದ ದೀಪ ಉರಿಯುತ್ತಲೇ ಇತ್ತು, ಫ್ಯಾನೂ ತಿರುಗುತ್ತಿತ್ತು. ಡಬ್ಬಿಯ ದೀಪಗಳು ಮಾತ್ರ ಒಂದೂ ಉಳಿಯದೆ ಆರಿಹೋದವು. ಅವನು ಸಿಕ್ಕಿಸಿದ ಪ್ಲಗ್ಗಿಗೆ ಯುಪಿಎಸ್ ಲೈನೇ ಇರಲಿಲ್ಲ. ‘ಇದನ್ನ ಯಾರೂ ಕೇಳಲ್ಲ ಅಮ್ಮಾ’ ಎಂದ ಪಾಪ, ಸುಳ್ಳಲ್ಲ. ಒಂದೂವರೆ ಮೀಟರ್ ಆಚೆ ದೇವರ ಮನೆಯ ಪಕ್ಕದ ಪಾಯಿಂಟಿಗೆ ಯುಪಿಎಸ್ ಲೈನ್ ಇತ್ತು. ಡಬ್ಬಿ ಅಲ್ಲಿಗೆ ಬಂತು.

ಮನೆಗೆ ಯುಪಿಎಸ್ ಇಲ್ಲದವರು ಬೇಸರಪಡಬೇಕಿಲ್ಲ. ರೌಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಅಂಗಡಿಗಳಲ್ಲಿ ಸಿಗುತ್ತದೆ, ಅಂಗೈ ಅಗಲದ್ದು. ಕೆಲವು ಗಂಟೆ ತಡೆಯುತ್ತದೆ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡು ಹೋಗಿ, ಅಥವಾ ಅಡಾಪ್ಟರನ್ನೇ ಕಿತ್ತುಕೊಂಡು ಹೋಗಿ ತೋರಿಸಿ. ಇನ್ನೊಂದು: ಕಾರ್ಡ್‌ಲೆಸ್ ಫೋನಿಟ್ಟುಕೊಂಡರೆ ಅದರ ಬುಡಕ್ಕೂ ಬೇರೆ ಕರೆಂಟು ಬೇಕು. ಡಬ್ಬಿ ಬದುಕಿದ್ದು ಫೋನೇ ಸತ್ತು ಕೂರುವುದುಂಟು. ಸುರುಳಿ ವೈರಿನ ಸಾದಾ ಫೋನ್ ಒಂದು ಇರಲಿ. ಅಜ್ಜನ ಕಾಲದ, ಬೆರಳು ಹಾಕಿ ತಿರುಗಿಸುವ ಕರೀ ಫೋನನ್ನು ಇದಕ್ಕೆ ಸಿಕ್ಕಿಸಬೇಕೆಂಬ ಆಸೆ ಹಲವರಿಗಿದೆ. ಬಹಳಷ್ಟು ಡಬ್ಬಿಗಳಿಗೆ ಅದರ ಡಯಲ್ ಅರ್ಥವಾಗುವುದಿಲ್ಲ. ರಿಂಗ್ ಬಂದೀತು, ನಂಬರ್ ಹೋಗದು. ಷೋಕೇಸಿನಲ್ಲೇ ಇಡಿ.

ನಮ್ಮ ಮನೆಯಲ್ಲಿ ಕರೆಂಟಿನ ವ್ಯವಸ್ಥೆಯಾದರೆ ಅರ್ಧ ಕೆಲಸವಷ್ಟೇ ಮುಗಿಯಿತು. ಆಚೆ ತುದಿಯಲ್ಲೂ ಕರೆಂಟ್ ಬೇಕಲ್ಲ. ಸರಿಯಾದ ಫೈಬರ್ ವ್ಯವಸ್ಥೆಯಲ್ಲಿ ಎಕ್ಸ್‌ಚೇಂಜಿನಿಂದ ಮನೆಯವರೆಗೆ ನಡುವೆ ಕರೆಂಟ್ ಕೇಳುವ ವಸ್ತು ಇರುವುದಿಲ್ಲ. ಕಂಬದ ಮೇಲಿನ ಸ್ಪ್ಲಿಟರ್ ಬರೀ ಬೆಳಕನ್ನು ಹಂಚುತ್ತದೆ, ಅದಕ್ಕೆ ಪ್ಲಗ್ ಬೇಡ. ಆದರೆ ಕೆಲವು ಕಡೆ ಸ್ಥಳೀಯ ಕೇಬಲ್‌ನವರು ಯಾರದ್ದೋ ಮನೆಯ ಜಗಲಿಯಲ್ಲೋ ಅಂಗಡಿಯ ಅಟ್ಟದಲ್ಲೋ ಒಂದು ಸ್ವಿಚ್ ಪೆಟ್ಟಿಗೆ ಇಟ್ಟು ಅಲ್ಲಿಂದ ಮುಂದಕ್ಕೆ ಎಳೆದಿರುತ್ತಾರೆ. ಆ ಅಂಗಡಿಯವನು ರಾತ್ರಿ ಮೇನ್ ಇಳಿಸಿ ಮನೆಗೆ ಹೋದರೆ ಇಡೀ ಕೇರಿಯ ಫೋನು ಸತ್ತಂತೆ. ಆದ್ದರಿಂದ ಹಾಕಿಸುವ ಮುಂಚೆ ನೇರ ಕೇಳಿ: ನಿಮ್ಮ ಮುಖ್ಯ ಉಪಕರಣ ಎಲ್ಲಿದೆ, ಅದಕ್ಕೆ ಬ್ಯಾಟರಿ, ಜನರೇಟರ್ ಇದೆಯಾ, ನಡುವೆ ಕರೆಂಟಿನ ಪೆಟ್ಟಿಗೆ ಇದೆಯಾ? ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವನ ಹತ್ತಿರ ಮುಂದಿನ ಮಾತು ಆಡಬಹುದು. ‘ಅದೆಲ್ಲ ನೋಡ್ಕೊಳ್ತೀವಿ ಬಿಡಿ’ ಎನ್ನುವವನಿಗೆ ಕಾಫಿ ಕೊಟ್ಟು ಕಳಿಸಿ.

ಫೈಬರನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ತಾಮ್ರದ ಕಾಲದಲ್ಲಿ ಒಂದು ಸಿಡಿಲಿಗೆ ಎಷ್ಟು ಫೋನು ಸುಟ್ಟುಹೋಗುತ್ತಿತ್ತು, ಮಳೆ ನೀರು ಹೊಕ್ಕ ಜಾಯಿಂಟಿನಿಂದ ಎಷ್ಟು ಗರಗರ ಸದ್ದು ಬರುತ್ತಿತ್ತು ಎಂಬುದು ಕೌಂಟರಿನಲ್ಲಿ ಬೈಸಿಕೊಂಡ ನನಗೆ ಗೊತ್ತು. ಆ ಮಟ್ಟಿಗೆ ಫೈಬರ್ ಎಷ್ಟೋ ವಾಸಿ. ದನಿಯೂ ಸ್ವಚ್ಛ. ಆದರೆ ಹೊಸದರಲ್ಲಿ ಹಳೆಯದರ ಯಾವ ಗುಣ ಇಲ್ಲ ಎಂಬುದನ್ನು ಮಾರುವವನು ಹೇಳಬೇಕಲ್ಲವೇ?

ಸ್ಪೀಡಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಫೋನಿನಲ್ಲಿ ಮಾತಾಡಲು ಸಾಮಾನ್ಯ ವಿಧಾನದಲ್ಲಿ ಬೇಕಾಗುವುದು 64 ಕೆಬಿಪಿಎಸ್. ಲಕೋಟೆಯ ಮೇಲಿನ ವಿಳಾಸದ ಭಾರ ಸೇರಿಸಿದರೂ 100 ಕೆಬಿಪಿಎಸ್‌ನ ಒಳಗೆ. 100 ಎಂಬಿಪಿಎಸ್ ಎಂದರೆ ಅದರ ಸಾವಿರ ಪಟ್ಟು. ಫೋನಿಗೋಸ್ಕರ ದುಬಾರಿ ಪ್ಲಾನ್ ಹಾಕಿಸುವುದು ದಂಡ. ಮಾತು ಕೆಡುವುದು ಸ್ಪೀಡ್ ಸಾಲದೆ ಅಲ್ಲ, ಚೂರುಗಳು ತಡವಾಗಿ ಅಥವಾ ಹಿಂದುಮುಂದಾಗಿ ಬರುವುದರಿಂದ. ಒಂದು ಕಡೆಯಿಂದ ಹೊರಟ ಮಾತು ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಅದು ಮೀರುತ್ತ ಹೋದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವ ಆಟ ಶುರು. ಇದನ್ನು ಅಳೆಯಲು ಯಾವ ಉಪಕರಣವೂ ಬೇಡ. ಅದೇ ಲೈನು ಇರುವ ನೆರೆಮನೆಗೆ ರಾತ್ರಿ ಎಂಟೂವರೆ ಹೊತ್ತಿಗೆ ಹೋಗಿ, ಎಲ್ಲರ ಮನೆಯಲ್ಲೂ ಟಿವಿ, ಮೊಬೈಲು ಓಡುತ್ತಿರುವಾಗ, ಅವರ ಲ್ಯಾಂಡ್‌ಲೈನಿನಿಂದ ಮಗಳಿಗೋ ತಂಗಿಗೋ ಫೋನ್ ಮಾಡಿ ಐದು ನಿಮಿಷ ಮಾತಾಡಿ. ಹುಡುಗ ತೋರಿಸುವ ಸ್ಪೀಡ್ ಟೆಸ್ಟಿಗಿಂತ ಅದು ಸತ್ಯ ಹೇಳುತ್ತದೆ.

ನೆರೆಮನೆಯಲ್ಲಿ ಇನ್ನೊಂದು ಮಾತೂ ಕೇಳಿ. ಹೋದ ಮಳೆಗಾಲದಲ್ಲಿ ಲೈನ್ ಕಡಿದಾಗ ಯಾರು ಬಂದರು, ಎಷ್ಟು ದಿನಕ್ಕೆ ಬಂದರು? ನಮ್ಮ ಕಡೆ ದೊಡ್ಡ ಕಂಪನಿಯ ಹೆಸರಿನ ಕೆಳಗೆ ನಿಜವಾಗಿ ಕೆಲಸ ಮಾಡುವವನು ಸ್ಥಳೀಯ ಪಾಲುದಾರ. ಫೈಬರ್ ಎಳೆಯುವುದು, ಕೊಂಬೆ ಬಿದ್ದು ಕಡಿದರೆ ಎರಡು ತುದಿ ಬೆಸೆದು ಸ್ಪ್ಲೈಸ್ ಮಾಡುವುದು, ಮಂಗ ಕಚ್ಚಿ ಹಾಳು ಮಾಡಿದ ತುಂಡನ್ನು ಬದಲಿಸುವುದು ಎಲ್ಲ ಅವನೇ. ಜಾಹೀರಾತಿನಲ್ಲಿ ಬರುವ ಸಿನಿಮಾ ನಟ ಏಣಿ ಹಿಡಿದು ಬರುವುದಿಲ್ಲ. ಆದ್ದರಿಂದ ಕಂಪನಿಯನ್ನು ಎಷ್ಟು ನೋಡುತ್ತೀರೋ ಅಷ್ಟೇ ಈ ಪಾಲುದಾರನನ್ನೂ ನೋಡಿ. ಅವನ ಹತ್ತಿರ ಸ್ವಂತ ಸ್ಪ್ಲೈಸಿಂಗ್ ಮೆಷಿನ್ ಇದೆಯಾ, ಅಥವಾ ಶಿವಮೊಗ್ಗದಿಂದ ತರಿಸಬೇಕಾ? ಎಷ್ಟು ಜನ ಹುಡುಗರಿದ್ದಾರೆ? ಈ ಹುಡುಗರಿಗೆ ಸಂಬಳ ಸರಿಯಾಗಿ ಆಗುತ್ತದಾ ಎಂದೂ ಮೆಲ್ಲಗೆ ವಿಚಾರಿಸಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ.

ಹಾಕಿಸುವ ದಿನ ಪವರ್ ಮೀಟರಿನ ಅಂಕಿ ತೋರಿಸಲು ಹೇಳಿ. ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರ, ಎಲ್ಲ ಹುಡುಗರ ಚೀಲದಲ್ಲೂ ಇರುತ್ತದೆ. ಬಂದ ಬೆಳಕಿನ ಬಲವನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಬಂದಿದ್ದರೆ ಲೈನು ಅಂಚಿನಲ್ಲಿ ನಿಂತಿದೆ, ಇನ್ನೊಂದು ಕಳಪೆ ಜಾಯಿಂಟು ಬಿದ್ದರೆ ಮುಗಿಯಿತು. ಆ ಅಂಕಿಯನ್ನು ಡಬ್ಬಿಯ ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ರಿಪೇರಿಗೆ ಬಂದವನ ಜೊತೆ ವಾದ ಮಾಡಲು ಅನುಕೂಲ. ಹಾಗೆಯೇ ದೀಪಗಳನ್ನು ಗುರುತು ಮಾಡಿಕೊಳ್ಳಿ. ‘ಎಲ್‌ಒಎಸ್’ ಎಂಬ ಕಡೆ ಕೆಂಪು ಮಿಣುಕಿದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ಕಡಿದಿದೆ. ಅದು ಸರಿಯಿದ್ದು ಫೋನಿನ ಗುರುತಿನ ದೀಪ ಮಾತ್ರ ಇಲ್ಲದಿದ್ದರೆ ಕಂಬ ಹತ್ತುವವನಿಂದ ಉಪಯೋಗವಿಲ್ಲ, ಕಂಪನಿಯ ಕಂಪ್ಯೂಟರಿನಲ್ಲಿ ಸರಿಯಾಗಬೇಕು. ಅತ್ತಿಗೆ ಈಗ ದೂರು ಕೊಡುವಾಗ ‘ಕೆಂಪು ಇಲ್ಲ, ಫೋನಿನ ಹಸುರೂ ಇಲ್ಲ’ ಎಂದು ಹೇಳುತ್ತಾರೆ. ಆಚೆಯವರು ಗೌರವದಿಂದ ಮಾತಾಡುತ್ತಾರಂತೆ.

ಇನ್ನು ನಂಬರ್ ಯಾರದ್ದು ಎಂಬ ಪ್ರಶ್ನೆ. ನನಗೆ ಅತಿ ಸಿಟ್ಟು ಬರುವುದು ಇಲ್ಲೇ. ನಮ್ಮ ಊರಿನ ನಿವೃತ್ತ ಮೇಷ್ಟ್ರೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಒಂದು ಸಂಪರ್ಕ ಹಾಕಿಸಿಕೊಂಡರು. ಒಂದು ವರ್ಷದ ಹಣ ಮುಂಗಡ, ಕೈಬರಹದ ರಸೀದಿ. ಬಂದ ಹೊಸ ನಂಬರನ್ನು ಗ್ಯಾಸಿಗೆ, ಬ್ಯಾಂಕಿಗೆ, ಮಣಿಪಾಲದ ಡಾಕ್ಟರಿಗೆ, ಮಗಳ ಅತ್ತೆ ಮನೆಗೆ ಎಲ್ಲ ಕಡೆ ಕೊಟ್ಟರು. ವರ್ಷ ತುಂಬುವ ಮುಂಚೆ ಆ ಸಂಪರ್ಕ ಕೊಟ್ಟ ಹಂಚಿಕೆದಾರ ವ್ಯವಹಾರ ಬಿಟ್ಟು ಹೋದ. ಕಂಪನಿಗೆ ಫೋನ್ ಮಾಡಿದರೆ ಆ ನಂಬರ್ ಮೇಷ್ಟ್ರ ಹೆಸರಿನಲ್ಲೇ ಇಲ್ಲ! ಹತ್ತಾರು ಮನೆಯ ಸಂಪರ್ಕ ಒಂದೇ ಹೆಸರಿನಲ್ಲಿತ್ತು. ತಮ್ಮದೇ ಫೋನಿನ ಬಗ್ಗೆ ದೂರು ಕೊಡುವ ಹಕ್ಕೂ ಅವರಿಗೆ ಉಳಿಯಲಿಲ್ಲ, ನಂಬರಂತೂ ಹೋಯಿತು.

ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದ ಎಲ್ಲೆಡೆ ಇದೆ. ಸ್ಥಿರ ದೂರವಾಣಿಗೆ ಆ ಸೌಲಭ್ಯ ಇಲ್ಲ. ಅಂದರೆ ಲ್ಯಾಂಡ್‌ಲೈನ್ ಕಂಪನಿ ಬದಲಿಸಿದ ದಿನ ಮೂವತ್ತು ವರ್ಷದ ನಂಬರಿಗೂ ತಿಲಾಂಜಲಿ. ತಾಮ್ರದಿಂದ ಫೈಬರಿಗೆ ಹೋಗುವವರು ಅದೇ ಕಂಪನಿಯಲ್ಲಿ ಉಳಿದರೆ ಹಳೇ ನಂಬರ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಹಳೆಯದನ್ನು ಸರೆಂಡರ್ ಮಾಡುವ ಅರ್ಜಿಗೆ ಅದಕ್ಕಿಂತ ಮುಂಚೆ ಸಹಿ ಹಾಕಬೇಡಿ.

ಹೊಸಬರಿಂದ ತೆಗೆದುಕೊಳ್ಳುವವರು ಬಿಲ್ಲನ್ನು ನೋಡಿ. ಬಿಲ್ಲಿನಲ್ಲಿ ನಿಮ್ಮ ಹೆಸರು, ನಿಮ್ಮ ವಿಳಾಸ, ಕಂಪನಿಯ ಪೂರ್ಣ ಹೆಸರು, ಜಿಎಸ್‌ಟಿ ನಂಬರ್ ಇರಬೇಕು. ಸಣ್ಣ ಇಂಟರ್ನೆಟ್ ಕಂಪನಿಗಳಿಗೆ ದೂರಸಂಪರ್ಕ ಇಲಾಖೆ ಎ, ಬಿ, ಸಿ ಎಂದು ಪರವಾನಗಿ ಕೊಟ್ಟಿದೆ. ಎ ಎಂದರೆ ದೇಶಕ್ಕೆ, ಬಿ ಎಂದರೆ ರಾಜ್ಯದಂಥ ಒಂದು ವಲಯಕ್ಕೆ, ಸಿ ಎಂದರೆ ಹೆಚ್ಚುಕಡಿಮೆ ಜಿಲ್ಲೆಯಷ್ಟು ಜಾಗಕ್ಕೆ. ಬರೀ ಆ ಪರವಾನಗಿ ಇದ್ದರೆ ಇಂಟರ್ನೆಟ್ ಕೊಡಬಹುದು, ಎಲ್ಲರಿಗೂ ಕರೆ ಹೋಗುವ ಫೋನ್ ನಂಬರ್ ಕೊಡಲು ಆಗುವುದಿಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು. ಹಾಗಾಗಿ ‘ನಮ್ಮದೇ ಲ್ಯಾಂಡ್‌ಲೈನ್’ ಎಂದು ಹೇಳುವ ಸಣ್ಣವನನ್ನು ಕೇಳಿ: ನಂಬರ್ ಯಾವ ದೊಡ್ಡ ಕಂಪನಿಯದು, ನೀನು ಅಂಗಡಿ ಮುಚ್ಚಿದರೆ ನಾನು ಯಾರ ಬಾಗಿಲಿಗೆ ಹೋಗಲಿ?

ವರ್ಷದ ಹಣ ಮುಂಗಡ ಕೊಡುವುದೂ ಹಾಗೆಯೇ. ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದಲ್ಲಿ ಸನ್‌ರಾಕೆಟ್ ಎಂಬ ಇಂಟರ್ನೆಟ್ ಫೋನ್ ಕಂಪನಿಯಿತ್ತು. ವರ್ಷಕ್ಕೆ 199 ಡಾಲರ್ ಒಟ್ಟಿಗೆ ಕಟ್ಟಿದರೆ ದೇಶದೊಳಗೆ ಎಷ್ಟು ಬೇಕಾದರೂ ಮಾತಾಡಿ ಎಂದು ಮಾರುತ್ತಿತ್ತು. 2007ರ ಜುಲೈನಲ್ಲಿ ದಿಢೀರನೆ ಬಾಗಿಲು ಹಾಕಿತು. ಸುಮಾರು 2 ಲಕ್ಷ ಮನೆಗಳ ಗ್ರಾಹಕರು ಬೀದಿಗೆ ಬಿದ್ದರು. ಮೊದಲ ಮೂರು ತಿಂಗಳು ತಿಂಗಳಿಗೆ ತಿಂಗಳು ಕಟ್ಟಿ. ಒಂದು ಮಳೆಗಾಲ ದಾಟಿದ ಮೇಲೆ ರಿಯಾಯಿತಿಯ ಆಸೆಗೆ ಬೇಕಾದರೆ ವರ್ಷದ್ದು ಕಟ್ಟಿ.

ಫೈಬರಿನ ಡಬ್ಬಿಯ ಫೋನು ಬೇಡ, ಆ್ಯಪ್ ಸಾಕು ಎನ್ನುವ ಮಕ್ಕಳೂ ಇದ್ದಾರೆ. ಸಿಗ್ನಲ್ ಇಲ್ಲದ ಮನೆಗೆ ವೈಫೈ ಕಾಲಿಂಗ್ ನಿಜವಾಗಿಯೂ ಒಳ್ಳೆಯದು. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರುಮಾಡಿದವು. ಅದೇ ಮೊಬೈಲು, ಅದೇ ನಂಬರು, ಟವರಿನ ಬದಲು ಮನೆಯ ವೈಫೈ ಮೂಲಕ ಕರೆ ಹೋಗುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ಒಮ್ಮೆ ಆನ್ ಮಾಡಿಕೊಟ್ಟರೆ ಹಿರಿಯರು ಏನೂ ಕಲಿಯಬೇಕಿಲ್ಲ. ಎಲ್ಲ ಹ್ಯಾಂಡ್‌ಸೆಟ್ಟಿನಲ್ಲೂ ಇರುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ. 2018ರಲ್ಲಿ ಪರವಾನಗಿ ನಿಯಮ ಸಡಿಲವಾದ ಮೇಲೆ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂದು ಸಿಮ್ಮೇ ಇಲ್ಲದ, ಆ್ಯಪಿನ ಮೇಲೆ ನಡೆಯುವ ನಂಬರನ್ನೂ ತಂದಿತು.

ಆದರೆ ಆ್ಯಪ್ ಫೋನಿನಲ್ಲಿ ಒಂದು ತೊಡಕಿದೆ. 2017ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೊಟ್ಟ ಶಿಫಾರಸನ್ನೇ ಓದಿ. ಇಂಟರ್ನೆಟ್ ಫೋನ್ ಕೊಡುವವರು ತುರ್ತು ಕರೆಗೆ ಅನುಕೂಲ ಮಾಡಲು ಯತ್ನಿಸಬೇಕು, ಸದ್ಯಕ್ಕೆ ಅದು ಕಡ್ಡಾಯವಲ್ಲ, ಆದರೆ ಆ ಮಿತಿಯನ್ನು ಬಳಕೆದಾರರಿಗೆ ತಿಳಿಸಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಎಷ್ಟು ಕಂಪನಿಯವರು ನಿಮಗೆ ತಿಳಿಸಿದ್ದಾರೆ? ವಾಟ್ಸ್‌ಆ್ಯಪ್ ಕರೆಯಿಂದ ತುರ್ತು ನಂಬರ್ 112ಕ್ಕೆ ಹೋಗಲಾಗದು ಎಂದು ಗೊತ್ತಿಲ್ಲದ ಅಜ್ಜ ಅಜ್ಜಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಯಾಕೆಂದರೆ ಅವರ ಪಾಲಿಗೆ ಫೋನ್ ಅಂದರೆ ಮೊಮ್ಮಗನ ಮುಖ ಕಾಣುವ ವಾಟ್ಸ್‌ಆ್ಯಪೇ. ಯಾವ ಫೋನಾದರೂ ಇರಲಿ, ಮನೆಯ ದಾರಿ, ಹತ್ತಿರದ ಬಸ್ ಸ್ಟಾಪು, ದೇವಸ್ಥಾನ, ಎಲ್ಲಿ ತಿರುಗಬೇಕು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಮೇಲೆ ಅಂಟಿಸಿ. ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ಬಾಯಿಗೆ ಬಾರದವರ ಕರೆಗಳನ್ನು ಬೋರ್ಡಿನಲ್ಲಿ ಕೂತು ಕೇಳಿದ್ದೇನೆ.

ವಿದೇಶಕ್ಕೆ ಅಗ್ಗದ ಕರೆ ಎಂದು ಬರುವ ಅಡ್ಡ ಆ್ಯಪ್, ಅಡ್ಡ ಸೇವೆಗಳ ಸಹವಾಸವೇ ಬೇಡ. ಹೊರದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ರಾಶಿ ಸಿಮ್ ತುಂಬಿದ ಪೆಟ್ಟಿಗೆಯ ಮೂಲಕ ಲೋಕಲ್ ಕರೆಯಾಗಿಸುವ ಅಕ್ರಮ ದಂಧೆಗಳನ್ನು ಪೊಲೀಸರು ಬೆಂಗಳೂರಿನಲ್ಲೇ ಹಿಡಿದಿದ್ದಾರೆ. ಅಮೆರಿಕದ ಮಗ ಮಾತಾಡುತ್ತಿದ್ದಾನೆ, ಪರದೆಯ ಮೇಲೆ ಭಾರತದ ಯಾವುದೋ ಮೊಬೈಲ್ ನಂಬರ್ ಕಾಣುತ್ತಿದೆ ಎಂದರೆ ಆ ಸೇವೆ ಬಿಡು ಎಂದು ಅವನಿಗೆ ಹೇಳಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅಂಥ ಕರೆಯನ್ನು ವರದಿ ಮಾಡಲು ಜಾಗವಿದೆ.

ಕೆಟ್ಟಾಗ ಯಾರನ್ನು ಹಿಡಿಯಬೇಕು? ಹುಡುಗನ ಮೊಬೈಲಿಗೆ ಫೋನ್ ಮಾಡುವುದು ದೂರಲ್ಲ. ಅವನು ‘ಬಂದೆ ಬಂದೆ’ ಎನ್ನುತ್ತಾನೆ, ದಾಖಲೆ ಇರುವುದಿಲ್ಲ. ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ನಂಬರ್, ಅಂದರೆ ದೂರು ದಾಖಲಾದ ಸಂಖ್ಯೆ, ಬರೆದುಕೊಳ್ಳಿ. ಅಲ್ಲಿ ಸರಿಯಾಗದಿದ್ದರೆ ಕಂಪನಿಯಲ್ಲೇ ಮೇಲ್ಮನವಿ ಪ್ರಾಧಿಕಾರ ಇದೆ, ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಕಾಗದ ಬರೆದು ಕಾಯಬೇಡಿ. ದೂರಸಂಪರ್ಕದ ದೂರುಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿದೆ. ಹಾಗಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ. ಅಲ್ಲಿಗೆ ಹೋಗುವಾಗ ಕೈಯಲ್ಲಿ ಬೇಕಾದದ್ದು ಅದೇ ಡಾಕೆಟ್ ನಂಬರುಗಳು, ಅದೇ ನಿಮ್ಮ ಹೆಸರಿನ ಬಿಲ್ಲು.

ಇಷ್ಟೆಲ್ಲ ಗ್ರಾಹಕನೇ ಪತ್ತೇದಾರಿ ಮಾಡಬೇಕೇ ಎಂದು ನೀವು ಕೇಳಬಹುದು. ಬೇಡ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಮನಸ್ಸು ಮಾಡಿದರೆ ಕಷ್ಟದ ಕೆಲಸವಲ್ಲ. ಸ್ಥಿರ ದೂರವಾಣಿಗೂ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬರಲಿ, ಮೊಬೈಲಿಗೆ ಆಗಿದ್ದು ಇದಕ್ಕೆ ಯಾಕೆ ಆಗದು? ಫೈಬರ್ ಸಂಪರ್ಕದ ಅರ್ಜಿಯ ಮೊದಲ ಪುಟದಲ್ಲೇ, ಕನ್ನಡದಲ್ಲಿ, ಕರೆಂಟ್ ಹೋದರೆ ಈ ಫೋನ್ ಕೆಲಸ ಮಾಡುವುದಿಲ್ಲ ಎಂದು ಅಚ್ಚಾಗಲಿ. ಸಂಪರ್ಕ ಅರ್ಜಿದಾರನ ಹೆಸರಿನಲ್ಲೇ ಇದೆ ಎಂಬ ಸಂದೇಶ ಕಂಪನಿಯಿಂದ ನೇರವಾಗಿ ಬರಲಿ. ಹಿರಿಯ ನಾಗರಿಕರು ಒಂಟಿಯಾಗಿರುವ, ಸಿಗ್ನಲ್ ಇಲ್ಲದ ಮನೆಗಳಿಗೆ ಡಬ್ಬಿಯ ಜೊತೆ ಸಣ್ಣ ಬ್ಯಾಟರಿಯನ್ನೂ ಕೊಡುವುದು ಕಡ್ಡಾಯವಾಗಲಿ, ಬೇಕಾದರೆ ಅದರ ಹಣವನ್ನು ಕಂತಿನಲ್ಲಿ ಬಿಲ್ಲಿಗೆ ಸೇರಿಸಲಿ. ನಮ್ಮ ಸಂಸದರು ಟವರ್ ಉದ್ಘಾಟನೆಗೆ ಬರುತ್ತಲೇ ಇರುತ್ತಾರೆ. ಮುಂದಿನ ಸಲ ಬಂದಾಗ ಈ ನಾಲ್ಕನ್ನು ಬರೆದ ಕಾಗದವನ್ನು ಕೈಗೆ ಕೊಡುವವರಿದ್ದೇವೆ. ನಿಮ್ಮ ವರದಿಗಾರರೂ ಅಲ್ಲೇ ಇರುತ್ತಾರಲ್ಲ, ಸಂಸದರು ಏನು ಉತ್ತರ ಕೊಟ್ಟರೆಂದು ಮಾರನೆಯ ದಿನ ಅಚ್ಚು ಹಾಕಿ.

ಇಂತಿ,
ನಿವೃತ್ತ ಟೆಲಿಫೋನ್ ಆಪರೇಟರ್,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ